ಪಾಸ್‌ಪೋರ್ಟ್ ಕೊಡು ಅಂದವನು ನಾನೇ

ಒಂಬತ್ತು ವರ್ಷದಿಂದ ಬೆಂಗಳೂರಿನಿಂದ ಥಾಯ್ಲೆಂಡಿಗೆ ಗ್ರೂಪ್ ಕರೆದುಕೊಂಡು ಹೋಗುತ್ತಿದ್ದೇನೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಒಂದೇ: "ಸಾರ್, ಅಲ್ಲಿ ಕಳ್ಳರ ಕಾಟ ಜಾಸ್ತಿನಾ?" ಮೆಜೆಸ್ಟಿಕ್‌ನಲ್ಲಿ ಪರ್ಸ್ ಜೋಪಾನ ಮಾಡಿಕೊಂಡವರಿಗೆ ಬ್ಯಾಂಕಾಕ್ ಏನೂ ಕಷ್ಟವಲ್ಲ. ನನ್ನ ಗ್ರೂಪ್‌ಗಳಲ್ಲಿ ಜೇಬಿಗೆ ಕತ್ತರಿ ಬಿದ್ದಿದ್ದು ಎರಡೇ ಸಲ. ಕೈಯಾರೆ ಕೊಟ್ಟು ಸಿಕ್ಕಿಹಾಕಿಕೊಂಡಿದ್ದು ಎಷ್ಟೋ ಸಲ. ಅದರಲ್ಲಿ ಒಂದಕ್ಕೆ ನಾನೇ ಕಾರಣ.

ಪಟ್ಟಾಯ ಪಕ್ಕದ ಜೋಮ್‌ಟಿಯನ್ ಬೀಚ್. ದಾವಣಗೆರೆಯ ಇಬ್ಬರು ಹುಡುಗರಿಗೆ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಸ್ಕೂಟರ್, ಓಡಿಸುವ ಆಸೆ. ಬಾಡಿಗೆಯವನು ಡೆಪಾಸಿಟ್ ಅಂತ ಪಾಸ್‌ಪೋರ್ಟ್ ಕೇಳಿದ್ದಾನೆ. ಹುಡುಗ ಫೋನ್ ಮಾಡಿ ಕೇಳಿದ. ನಾನು ಹೋಟೆಲಿನಲ್ಲಿ ಜೈನ್ ಊಟ ಎಷ್ಟು, ಮಾಮೂಲಿ ಊಟ ಎಷ್ಟು ಅಂತ ತಲೆ ಎಣಿಸುತ್ತಿದ್ದೆ. "ಕೊಡಪ್ಪಾ, ಎಲ್ಲರೂ ಕೊಡ್ತಾರೆ" ಅಂದುಬಿಟ್ಟೆ.

ಅರ್ಧ ಗಂಟೆಗೆ ಮತ್ತೆ ಫೋನ್. ಈ ಸಲ ದನಿ ನಡುಗುತ್ತಿತ್ತು. ಓಡಿದೆ. ಜೆಟ್ ಸ್ಕೀಯನ್ನು ದಡಕ್ಕೆ ಎಳೆದು ವಾಲಿಸಿದ್ದರು. ಅದರ ಹೊಟ್ಟೆಯ ಮೇಲೆ ಗೇಣುದ್ದದ ಗೀರು. 40,000 ಬಾತ್ (ಅಲ್ಲಿನ ದುಡ್ಡು) ಕೊಡಿ ಅಂತ ಪಟ್ಟು. ಬಗ್ಗಿ ಬೆರಳಾಡಿಸಿದೆ. ಗೀರಿನೊಳಗೆ ಕಪ್ಪಗೆ ಕೊಳೆ ಕೂತಿತ್ತು. ಆಗಷ್ಟೇ ಆಗಿದ್ದರೆ ಬೆಳ್ಳಗಿರಬೇಕು ಅಲ್ವಾ? ಆದರೆ ಯಾರಿಗೆ ಹೇಳುವುದು, ಪಾಸ್‌ಪೋರ್ಟ್ ಅವನ ಸೊಂಟದ ಚೀಲದಲ್ಲಿತ್ತು. ಸುತ್ತ ಐದಾರು ಜನ ಬೇರೆ ಸೇರಿದ್ದರು.

ದನಿ ಏರಿಸಲಿಲ್ಲ. ಅಲ್ಲಿ ಕೂಗಾಡಿದರೆ ಇದ್ದ ದಾರಿಯೂ ಮುಚ್ಚುತ್ತದೆ. 1155ಕ್ಕೆ ಫೋನ್ ಮಾಡಿದೆ. ಅದು ಟೂರಿಸ್ಟ್ ಪೊಲೀಸ್ ನಂಬರ್, ಇಂಗ್ಲಿಷ್ ನಡೆಯುತ್ತದೆ. ಅವರು ಬರುವಷ್ಟರಲ್ಲೇ 40,000 ಇಳಿದು 15,000 ಆಗಿತ್ತು. ಬಂದ ಮೇಲೆ 5,000ಕ್ಕೆ ಮುಗಿಯಿತು. ದುಡ್ಡು ನಾನೇ ಕೊಟ್ಟೆ. ಆಫೀಸಿನಲ್ಲಿ ವಾಪಸ್ ಕೇಳಲು ಮುಖ ಇರಲಿಲ್ಲ. ಮರುದಿನ ರಾತ್ರಿ ನಮ್ಮ ವಿಮಾನ. ಪಾಸ್‌ಪೋರ್ಟ್ ಕೈಗೆ ಬರದಿದ್ದರೆ ಪೊಲೀಸ್ ಕಂಪ್ಲೇಂಟ್, ಬ್ಯಾಂಕಾಕಿನ ನಮ್ಮ ರಾಯಭಾರ ಕಚೇರಿ, ಪಾಸ್‌ಪೋರ್ಟ್ ಬದಲು ಊರಿಗೆ ಮರಳಲು ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಅಂತ ಅಲೆಯಬೇಕಿತ್ತು.

ಆಮೇಲೆ ನಾನು ಹೇಳುವ ರೀತಿ ಬದಲಾಯಿಸಿಕೊಂಡೆ. ಮುಂಚೆ ಸುವರ್ಣಭೂಮಿ ಏರ್‌ಪೋರ್ಟಿನಿಂದ ಪಟ್ಟಾಯಕ್ಕೆ ಹೋಗುವ ಬಸ್ಸಿನಲ್ಲೇ ಮೈಕ್ ಹಿಡಿದು ಇಪ್ಪತ್ತು ಎಚ್ಚರಿಕೆ ಒದರುತ್ತಿದ್ದೆ. ರಾತ್ರಿ ನಿದ್ದೆಗೆಟ್ಟವರು ಗೊರಕೆ ಹೊಡೆಯುತ್ತಿದ್ದರು. ನಾನು ಹೇಳಿದ ಲೆಕ್ಕ, ಅವರು ಕೇಳಿದ ಲೆಕ್ಕ, ಅಷ್ಟೇ. ಈಗ ಬೆಳಗ್ಗೆ ತಿಂಡಿ ಹೊತ್ತಿಗೆ ಟೇಬಲ್ ಟೇಬಲ್‌ಗೆ ಹೋಗಿ ಆ ದಿನದ್ದನ್ನು ಮಾತ್ರ ಹೇಳುತ್ತೇನೆ.

ಗ್ರ್ಯಾಂಡ್ ಪ್ಯಾಲೇಸ್ ದಿನ: "ಇವತ್ತು ಅರಮನೆ ರಜಾ, ಬೇರೆ ದೇವಸ್ಥಾನ ತೋರಿಸ್ತೀನಿ, 20 ಬಾತ್ ಸಾಕು" ಅನ್ನುವ ಟುಕ್‌ಟುಕ್ ಆಟೊ ಹತ್ತಬೇಡಿ. ಅದು ಕೊನೆಗೆ ನಿಲ್ಲುವುದು ರತ್ನದ ಅಂಗಡಿ ಮುಂದೆ. ಗೇಟಿನವರೆಗೆ ನಡೆದು ಕಣ್ಣಾರೆ ನೋಡಿ. ಸ್ಕೂಟರ್ ಬಾಡಿಗೆಗೆ ತಗೊಳ್ಳುವವರಿಗೆ ಬೈಕ್ ಓಡಿಸಲು ನಡೆಯುವ ಇಂಟರ್‌ನ್ಯಾಷನಲ್ ಲೈಸೆನ್ಸ್ ಇದೆಯಾ ಅಂತ ಕೇಳುತ್ತೇನೆ. ಇಲ್ಲದಿದ್ದರೆ ಬಿದ್ದಾಗ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ವೇಪ್ (ಇ-ಸಿಗರೇಟ್) ಮಾತ್ರ ಬೆಂಗಳೂರಿನಲ್ಲೇ ಚೀಲದಿಂದ ತೆಗೆಸುತ್ತೇನೆ, ಅದು ಆ ದೇಶದಲ್ಲಿ ನಿಷೇಧ.

ಫುಕೆಟ್ ದಿನ ಸ್ವಲ್ಪ ಜೋರಾಗೇ ಹೇಳುತ್ತೇನೆ. ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆಗಾಲ. ಕರೋನ್, ಕಾಟಾ ಬೀಚ್‌ಗಳಲ್ಲಿ ಕೆಂಪು ಬಾವುಟ ಕಂಡರೆ ಮೊಣಕಾಲುದ್ದ ನೀರಿಗೂ ಇಳಿಯಬೇಡಿ. ಸೆಳೆತ ಒಳಗೆ ಎಳೆದರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ದೋಣಿಯಲ್ಲಿ ಲೈಫ್ ಜಾಕೆಟ್ ಸೆಖೆ ಅಂತ ಬಿಚ್ಚುವವರಿಗೆ 2018ರ ಜುಲೈ 5 ನೆನಪಿಸುತ್ತೇನೆ. ಅವತ್ತು ಫುಕೆಟ್ ಹತ್ತಿರ ಬಿರುಗಾಳಿಗೆ ಪ್ರವಾಸಿ ದೋಣಿ ಮುಳುಗಿ 47 ಜನ ಸತ್ತರು. ತುಮಕೂರಿನ ಒಬ್ಬ ಆಂಟಿ ಇದನ್ನು ಕೇಳಿ, ದಡಕ್ಕೆ ಬಂದು ಬಸ್ ಹತ್ತಿದ ಮೇಲೂ ಜಾಕೆಟ್ ಬಿಚ್ಚಲಿಲ್ಲ!

ಪಾಸ್‌ಪೋರ್ಟ್ ಈಗ ರೂಮಿನ ಲಾಕರ್‌ನಲ್ಲಿ. ಕಲರ್ ಜೆರಾಕ್ಸ್ ಜೇಬಿನಲ್ಲಿ. ಜೆಟ್ ಸ್ಕೀ ಬೇಡ ಅನ್ನುವುದಿಲ್ಲ. ಮೊದಲು ದಡಕ್ಕೆ ಎಳೆಸಿ, ಹೊಟ್ಟೆ ತೋರಿಸಲು ಹೇಳಿ, ವಿಡಿಯೊ ಮಾಡಿಕೊಳ್ಳಿ ಅನ್ನುತ್ತೇನೆ. ಹೋದ ವರ್ಷ ಹಾಗೆ ಕೇಳಿದ್ದಕ್ಕೆ ಒಬ್ಬ ಬಾಡಿಗೆಗೇ ಕೊಡಲಿಲ್ಲ. ಹುಡುಗರು ಮುಖ ಊದಿಸಿಕೊಂಡು ಬಂದರು. ಎಳನೀರು ಕೊಡಿಸಿದೆ.