ಮೂರನೇ ದನಿ

"ಹಾಗಾದ್ರೆ ನೀನು ಇಷ್ಟು ವರ್ಷ ಕೇಳಿದ್ದು ಯಾರನ್ನ, ಚಿಕ್ಕಮ್ಮಾ?"

ಭಾನುವಾರ ಸಂಜೆ ಅಕ್ಕನ ಮಗಳು ಕೇಳಿದ್ದು ಇದು. ಇವತ್ತು ಗುರುವಾರ. ಇನ್ನೂ ಕಿವಿಯಿಂದ ಇಳಿದಿಲ್ಲ. ಅಣಕಿಸಿ ಕೇಳಿದ್ದರೆ ನಾನೂ ಏನಾದರೂ ಕುಟುಕಿ ಮುಗಿಸುತ್ತಿದ್ದೆ. ಅವಳು ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದ್ದಳು. ಅದೇ ಜಾಸ್ತಿ ಚುಚ್ಚಿತು.

ನಮ್ಮಿಬ್ಬರಿಗೂ 'ದಿ ಫ್ಯಾಂಟಮ್ ಆಫ್ ದಿ ಒಪೆರಾ' ಅನ್ನೋ ಇಂಗ್ಲಿಷ್ ಸಂಗೀತ ನಾಟಕ ಅಂದರೆ ಹುಚ್ಚು. ಒಪೆರಾ ಥಿಯೇಟರಿನಲ್ಲಿ ಅಡಗಿರುವ ಮುಖವಾಡದ ಭೂತ ಫ್ಯಾಂಟಮ್, ಅಲ್ಲಿ ಹಾಡುವ ಹುಡುಗಿ ಕ್ರಿಸ್ಟೀನ್, ಇವರಿಬ್ಬರ ಕಥೆ. ರಂಗದ ಮೇಲೆ ನೋಡುವ ಯೋಗ ಇಬ್ಬರಿಗೂ ಬಂದಿಲ್ಲ. ಹಾಡು ಕೇಳಿ, ರೆಕಾರ್ಡಿಂಗ್ ನೋಡಿಯೇ ಬೆಳೆದ ಹುಚ್ಚು. ಹಾಗಂತ ಜಗಳಕ್ಕೇನೂ ಕಡಿಮೆ ಇಲ್ಲ. ಜಗಳ ಯಾವಾಗಲೂ ಒಂದೇ: ಕ್ರಿಸ್ಟೀನ್ ಪಾತ್ರಕ್ಕೆ ಯಾರು? ನನಗೆ ಸಾರಾ ಬ್ರೈಟ್‌ಮನ್ ಬಿಟ್ಟರೆ ಇನ್ಯಾರೂ ಇಲ್ಲ. 1986ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರ್‌ನಲ್ಲಿ ಈ ನಾಟಕ ಶುರುವಾದಾಗ ಹಾಡಿದವಳು ಅವಳು. ಆಂಡ್ರ್ಯೂ ಲಾಯ್ಡ್ ವೆಬರ್ ಈ ಪಾತ್ರದ ಹಾಡುಗಳನ್ನು ಕಟ್ಟಿದ್ದೇ ಅವಳ ಗಂಟಲಿಗೆ. ಆಗ ಅವಳು ಅವನ ಹೆಂಡತಿ. ಹುಡುಗಿಗೆ ಮಾತ್ರ ಸಿಯೆರಾ ಬಾಗೆಸ್. 2011ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಾಟಕದ 25 ವರ್ಷದ ಸಂಭ್ರಮಕ್ಕೆ ರಮಿನ್ ಕರೀಮ್‌ಲೂ ಜೊತೆ ಹಾಡಿದವಳು. ಆ ರೆಕಾರ್ಡಿಂಗನ್ನು ಇವಳು ಎಷ್ಟು ಸಲ ನೋಡಿದ್ದಾಳೋ ಲೆಕ್ಕ ಇಲ್ಲ. ಯಾವ ಕಣ್ಣಿಂದ ಮೊದಲು ನೀರು ಇಳಿಯುತ್ತೆ ಅನ್ನೋದೂ ಬಾಯಿಪಾಠ.

ನನ್ನ ವಾದ ಏನು ಅಂದರೆ, ಬ್ರೈಟ್‌ಮನ್ ಧ್ವನಿಯಲ್ಲಿ ಒಂದು ಭಾರ ಇದೆ. ಅಪ್ಪನನ್ನು ಕಳೆದುಕೊಂಡ ಹುಡುಗಿಯ ಭಾರ. ಉಳಿದವರು ಚೆನ್ನಾಗಿ ಹಾಡುತ್ತಾರೆ, ಅಷ್ಟೇ. ಈ ಮಾತನ್ನು ನಾನು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಯಾರೂ ಕೇಳದಿದ್ದರೂ ಹೇಳಿದ್ದೇನೆ.

ಭಾನುವಾರ ಹುಡುಗಿಗೆ ರೇಗಿಹೋಯಿತು ಅನ್ನಿಸುತ್ತದೆ. "ಸರಿ, ಕಣ್ಣು ಮುಚ್ಚು. ನಾಲ್ಕು ಜನರದ್ದು ಹಾಕ್ತೀನಿ. ಹೆಸರು ಹೇಳಲ್ಲ. ಯಾರು ಅಂತ ನೀನೇ ಹೇಳು" ಅಂದಳು.

ಸ್ಮಶಾನದಲ್ಲಿ ಅಪ್ಪನ ಸಮಾಧಿ ಮುಂದೆ ಕ್ರಿಸ್ಟೀನ್ ಹಾಡುವ ಹಾಡು. ಅದರ ಕೊನೆಯ ಅರ್ಧ ನಿಮಿಷ ಮಾತ್ರ. ನಾನು ಸೋಫಾದ ಮೇಲೆ ಕಾಲು ಮಡಚಿ ಕೂತೆ. ಪರೀಕ್ಷೆಗೆ ಓದಿಕೊಂಡು ಬಂದವಳ ಧೈರ್ಯ. ಭಾವ ಆ ಕಡೆ ಕುರ್ಚಿಯಲ್ಲಿ ಪೇಪರ್ ಹಿಡಿದು ಅರೆನಿದ್ದೆಯಲ್ಲಿದ್ದರು. ಅವರಿಗೆ ಸಂಗೀತ ಅಂದರೆ ಯಾರೋ ಪಕ್ಕದ ರೂಮಲ್ಲಿ ಮಾಡುವ ಸದ್ದು.

ಮೊದಲನೆಯದು ಎಳೆ ಧ್ವನಿ. "ಸಿನಿಮಾದ ಹುಡುಗಿ" ಅಂದೆ. ಸರಿಯಿತ್ತು. 2004ರ ಸಿನಿಮಾದ ಎಮ್ಮಿ ರಾಸಮ್. ಚಿತ್ರೀಕರಣದ ಹೊತ್ತಿಗೆ ಇನ್ನೂ ಹದಿಹರೆಯ ದಾಟಿರಲಿಲ್ಲ ಅವಳು. ಆ ಎಳೆತನ ಮುಚ್ಚಿಡೋಕೆ ಆಗಲ್ಲ.

ಎರಡನೆಯದು ಶುರುವಾಗಿ ನಾಲ್ಕು ಸೆಕೆಂಡ್ ಆಗಿರಲಿಲ್ಲ, ನನ್ನ ಮೈ ಜುಂ ಅಂದಿತು. ತುಂಬಿದ ಧ್ವನಿ. ನಾನು ಹೇಳುತ್ತಿದ್ದ ಅದೇ ಭಾರ. "ಇದೇ! ಇನ್ನು ಮುಂದೆ ಹಾಕೋದೇ ಬೇಡ ಬಿಡು" ಅಂದೆ. ಹುಡುಗಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಮೂರನೆಯದು ಹಾಕಿದಳು. ನಾನು ಪೂರ್ತಿ ಕೇಳಲೂ ಇಲ್ಲ. "ಯಾರೋ ಆಮೇಲೆ ಬಂದವಳು. ಬ್ರೈಟ್‌ಮನ್ ಥರ ಹಾಡೋಕೆ ಹೋಗಿದ್ದಾಳೆ ಪಾಪ. ತೂಕವೇ ಇಲ್ಲ" ಅಂದುಬಿಟ್ಟೆ.

ನಾಲ್ಕನೆಯದು ಅವಳ ಬಾಗೆಸ್. ಅದನ್ನು ಗುರುತಿಸೋದರಲ್ಲಿ ಏನೂ ಹೆಚ್ಚುಗಾರಿಕೆ ಇಲ್ಲ. ಈ ಮನೆಯ ಗೋಡೆಗೂ ಅದು ಗೊತ್ತು.

ನೀವು ಊಹಿಸಿರುತ್ತೀರಿ. ಮೂರನೇ ದನಿ ಬ್ರೈಟ್‌ಮನ್‌ದೇ. ಎಷ್ಟೋ ವರ್ಷ ಆದಮೇಲೆ ಒಂದು ಸಂಗೀತ ಕಚೇರಿಯಲ್ಲಿ ಹಾಡಿದ್ದಂತೆ. ನಾನು ಜುಂ ಅಂದ ಎರಡನೆಯದು ರೆಬೆಕಾ ಕೇನ್. 1989ರಲ್ಲಿ ಟೊರಾಂಟೋದಲ್ಲಿ ನಾಟಕ ಶುರುವಾದಾಗ ಫ್ಯಾಂಟಮ್ ಆಗಿದ್ದ ಕೋಲ್ಮ್ ವಿಲ್ಕಿನ್‌ಸನ್ ಎದುರು ಕ್ರಿಸ್ಟೀನ್ ಆದವಳು, ಆಮೇಲೆ ಒಪೆರಾದಲ್ಲೂ ಹಾಡಿದವಳು. ಅವಳ ಹೆಸರನ್ನು ನಾನು ಜಗಳದ ಲೆಕ್ಕಕ್ಕೆ ಯಾವತ್ತೂ ತಂದವಳೇ ಅಲ್ಲ.

ನಾನು ಸೋಲೊಪ್ಪಲಿಲ್ಲ. "ಕಚೇರಿಯದು ಹಾಕಿ ಮೋಸ ಮಾಡಿದೆ. ವಯಸ್ಸಾದ ಮೇಲೆ ಯಾರ ಧ್ವನಿ ಹಾಗೇ ಇರುತ್ತೆ? ಲಂಡನ್ ಆಲ್ಬಮ್ ಹಾಕು" ಅಂದೆ. ಹಾಕಿದಳು.

ಅದೂ ಅಲ್ಲ. ಅಂದರೆ, ಅದು ಬ್ರೈಟ್‌ಮನ್‌ದೇ, ಅನುಮಾನ ಇಲ್ಲ. ಆದರೆ ನನ್ನ ತಲೆಯಲ್ಲಿ ಇದ್ದವಳು ಅಲ್ಲ. ಇದು ಹಗುರ, ಮೇಲೆ ಮೇಲೆ ತೇಲುವ, ಗಾಜಿನಂಥ ಧ್ವನಿ. ಹಾಡೂ ನನಗೆ ನೆನಪಿದ್ದದ್ದಕ್ಕಿಂತ ಅವಸರದಲ್ಲಿ ಹೋಗುತ್ತಿತ್ತು. ಆಗ ಹುಡುಗಿ ಹೇಳಿದಳು: "ಅವಳ ಧ್ವನಿ ಚಂದ ಇರೋದೇ ಆ ಹಗುರದಲ್ಲಿ. ಭಾರ ಎಲ್ಲಿದೆ? ಹಾಗಾದ್ರೆ ನೀನು ಇಷ್ಟು ವರ್ಷ ಕೇಳಿದ್ದು ಯಾರನ್ನ, ಚಿಕ್ಕಮ್ಮಾ?"

ಭಾವ ಪೇಪರ್ ಹಿಂದಿನಿಂದ, "ಎಲ್ಲರೂ ಒಂದೇ ಥರ ಕಿರುಚಿದ್ರಲ್ಲ" ಅಂದರು.

ರಾತ್ರಿ ನಿದ್ದೆ ಬರಲಿಲ್ಲ. ಇಂಥದ್ದಕ್ಕೆಲ್ಲ ನಿದ್ದೆಗೆಡುವ ವಯಸ್ಸಲ್ಲ ನನ್ನದು, ಆದರೂ. ಮೊದಲು ಹೊಳೆದದ್ದು, ಆ ಆಲ್ಬಮನ್ನು ನಾನು ಕಿವಿಗೊಟ್ಟು ಕೇಳಿ ಎಷ್ಟು ಕಾಲ ಆಗಿತ್ತು ಅನ್ನೋದು. ನಾನು ಅದನ್ನು ಕೇಳುತ್ತಿರಲಿಲ್ಲ. ಅದರ ಪರವಾಗಿ ವಾದ ಮಾಡುತ್ತಿದ್ದೆ. ಎರಡೂ ಒಂದೇ ಅಂದುಕೊಂಡಿದ್ದೆ.

ಹೊಸ ಕ್ರಿಸ್ಟೀನ್ ಬಂದಾಗಲೆಲ್ಲ ನಾನು ಏನೇನು ಅಂದಿದ್ದೆ ಅನ್ನೋದೂ ಒಂದೊಂದಾಗಿ ನೆನಪಾಯಿತು. ಒಬ್ಬಳಿಗೆ ಕಣ್ಣು ಸಾಲದು. ಒಬ್ಬಳು ಗಟ್ಟಿಗಿತ್ತಿ, ಇವಳನ್ನು ಯಾವ ಭೂತ ಹೆದರಿಸೀತು. ಇನ್ನೊಬ್ಬಳಿಗೆ ವಿಗ್ ಒಪ್ಪಲ್ಲ. ಫ್ಯಾಂಟಮ್ ಆದ ಗಂಡಸರ ಬಗ್ಗೆ ನಾನು ಇಂಥ ಮಾತು ಆಡಿದ್ದಿಲ್ಲ. ಅವರದ್ದು ಧ್ವನಿ ಹೇಗೆ, ಅಭಿನಯ ಹೇಗೆ, ಅಷ್ಟಕ್ಕೇ ನಿಲ್ಲುತ್ತಿದ್ದೆ. ಅವರಿಗೆ ಮುಖ ಮುಚ್ಚೋಕೆ ಮುಖವಾಡವಾದರೂ ಇದೆ ಅಂತ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ.

ಬ್ರೈಟ್‌ಮನ್ ಕೂಡ ಇದನ್ನೆಲ್ಲ ಅನುಭವಿಸಿದವಳೇ. ಗಂಡ ಬರೆದ, ಹೆಂಡತಿ ಹಾಡಿದಳು ಅನ್ನುವ ಮಾತು ಅವಳ ಬೆನ್ನು ಬಿಡಲಿಲ್ಲ. ನಾಟಕ ನ್ಯೂಯಾರ್ಕಿಗೆ ಹೊರಟಾಗ ಅಮೆರಿಕದ ನಟರ ಸಂಘ, ನಮ್ಮವರು ಇರುವಾಗ ಇವಳು ಯಾಕೆ ಅಂತ ಅಡ್ಡ ನಿಂತಿತು. ಮುಂದಿನ ಲಂಡನ್ ನಾಟಕದಲ್ಲಿ ಒಬ್ಬ ಅಮೆರಿಕನ್ನರಿಗೆ ಮುಖ್ಯ ಪಾತ್ರ ಕೊಡ್ತೀನಿ ಅಂತ ವೆಬರ್ ಒಪ್ಪಿದ ಮೇಲೇ ಅವಳಿಗೆ ದಾರಿಯಾಯಿತು. 1988ರಲ್ಲಿ ಅಲ್ಲಿ ನಾಟಕಕ್ಕೆ ಏಳು ಟೋನಿ ಪ್ರಶಸ್ತಿ ಬಂದವು. ಫ್ಯಾಂಟಮ್ ಆದ ಮೈಕೆಲ್ ಕ್ರಾಫರ್ಡ್‌ಗೆ ಬಂತು. ಕಥೆಯ ಹಳೇ ನಾಯಕಿ ಕಾರ್ಲೊಟ್ಟಾ ಆದ ಜೂಡಿ ಕೇಗೆ ಬಂತು. ಬ್ರೈಟ್‌ಮನ್ ಹೆಸರು ನಾಮನಿರ್ದೇಶನದಲ್ಲೇ ಇರಲಿಲ್ಲ. ಈ ಅನ್ಯಾಯವನ್ನು ನಾನು ಸ್ವಂತದ್ದು ಅನ್ನುವ ಹಾಗೆ ಹೊತ್ತುಕೊಂಡು ತಿರುಗಿದ್ದೇನೆ.

ಕಾರ್ಲೊಟ್ಟಾ ಅಂದಾಗ ಇನ್ನೊಂದು ಹೊಳೆಯಿತು. ಹಾಸಿಗೆಯಲ್ಲಿ ಒಬ್ಬಳೇ ನಕ್ಕುಬಿಟ್ಟೆ. ಇಡೀ ಕಥೆ ಶುರುವಾಗೋದೇ ಒಬ್ಬ ನಾಯಕಿಯ ಜಾಗಕ್ಕೆ ಇನ್ನೊಬ್ಬಳು ಬರೋದರಿಂದ ಅಲ್ವಾ? ತಾಲೀಮಿನ ಮಧ್ಯೆ ಪರದೆ ಕಳಚಿ ಬೀಳುತ್ತದೆ. ಕಾರ್ಲೊಟ್ಟಾ ಸಿಟ್ಟಾಗಿ ಎದ್ದು ಹೋಗುತ್ತಾಳೆ. ಟಿಕೆಟ್ಟೆಲ್ಲ ಮಾರಿ ಆಗಿದೆ, ಅವಳ ಬದಲು ಹಾಡೋಕೆ ಯಾರೂ ಇಲ್ಲ. ಆಗ ಕುಣಿಯುವವರ ಗುಂಪಿನಿಂದ ಕ್ರಿಸ್ಟೀನ್‌ಳನ್ನು ಮುಂದಕ್ಕೆ ತಳ್ಳುತ್ತಾರೆ. ಅವಳು ಹೆದರುತ್ತಾ ಮೊದಲ ಸಾಲು ಹಾಡುವಾಗ, ಒಪೆರಾ ಥಿಯೇಟರಿನ ಹೊಸ ಮಾಲೀಕರು ಮುಖ ಗಂಟು ಹಾಕಿ ನಿಂತಿರುತ್ತಾರೆ. ಅವರನ್ನು ನೋಡಿದಾಗಲೆಲ್ಲ, ಎಂಥ ಕಿವಿ ಇಲ್ಲದ ಜನ ಇವರು ಅಂತ ಬೈದುಕೊಂಡಿದ್ದೆ. ಪ್ರತಿ ಹೊಸ ಕ್ರಿಸ್ಟೀನ್ ಬಂದಾಗ ನಾನು ನಿಲ್ಲುತ್ತಿದ್ದದ್ದು ಸರಿಯಾಗಿ ಅವರ ಪಕ್ಕದಲ್ಲೇ.

ಈ ಪಾತ್ರದಲ್ಲಿ ಇನ್ನೊಂದು ಏರ್ಪಾಡೂ ಇದೆ. ವಾರಕ್ಕೆ ಎಂಟು ಪ್ರದರ್ಶನ. ಎಂಟನ್ನೂ ಒಬ್ಬಳೇ ಹಾಡಿದರೆ ಗಂಟಲು ಉಳಿಯಲ್ಲ. ಹೆಸರು ಫ್ಯಾಂಟಮ್‌ದಾದರೂ ಹೆಚ್ಚು ಹೊತ್ತು ರಂಗದ ಮೇಲೆ ದುಡಿಯುವವಳು ಕ್ರಿಸ್ಟೀನೇ. ಅದಕ್ಕೆ ಆರು ಪ್ರದರ್ಶನ ಒಬ್ಬಳಿಗೆ, ಎರಡು ಇನ್ನೊಬ್ಬಳಿಗೆ. ಆ ಇನ್ನೊಬ್ಬಳು ಆಲ್ಟರ್ನೇಟ್. ಲಂಡನ್ನಿನಲ್ಲಿ ಮೊದಲ ದಿನಗಳಲ್ಲೇ ಕ್ಲೇರ್ ಮೂರ್ ಹೀಗೆ ಹಾಡುತ್ತಿದ್ದಳು. ಬ್ರೈಟ್‌ಮನ್ ಬಿಟ್ಟಮೇಲೆ ಅವಳೇ ನಾಯಕಿಯಾದಳು. ಅಂದರೆ 1986ರಲ್ಲಿ ಆ ಥಿಯೇಟರ್‌ಗೆ ಹೋದ ಎಷ್ಟೋ ಜನರ ಮೊದಲ ಕ್ರಿಸ್ಟೀನ್ ಬ್ರೈಟ್‌ಮನ್ ಅಲ್ಲವೇ ಅಲ್ಲ. ಅವರಲ್ಲೂ ಯಾರಾದರೂ ಇವತ್ತಿಗೂ ಮನೆಯಲ್ಲಿ ಕೂತು, ಕ್ಲೇರ್ ಮೂರ್ ಬಿಟ್ಟರೆ ಇಲ್ಲ ಅಂತ ಮೇಜು ಕುಟ್ಟುತ್ತಿರಬೇಕು. ನ್ಯೂಯಾರ್ಕಿನ ಮೆಜೆಸ್ಟಿಕ್ ಥಿಯೇಟರ್‌ನಲ್ಲಿ 13,981 ಪ್ರದರ್ಶನ ಆಗಿ, 2023ರ ಏಪ್ರಿಲ್ 16ಕ್ಕೆ ಮುಗಿಯಿತು. ಕೊನೆಯ ರಾತ್ರಿ ಕ್ರಿಸ್ಟೀನ್ ಆಗಿದ್ದವಳು ಎಮಿಲಿ ಕೌಚೂ. ಅಲ್ಲಿ ಆ ಪಾತ್ರಕ್ಕೆ ಬಂದ ಮೊದಲ ಕಪ್ಪು ನಟಿ. ಅವಳೂ ಮೊದಲು ಆಲ್ಟರ್ನೇಟ್ ಆಗಿ ಸೇರಿದವಳೇ. ಆ ಸುದ್ದಿ ಬಂದಾಗ ನಾನು ಮಾಡಿದ ಮೊದಲ ಕೆಲಸ ಅವಳ ಹಾಡು ಹುಡುಕಿ, ಬ್ರೈಟ್‌ಮನ್ ಜೊತೆ ತೂಗಿ, ಇಲ್ಲ ಅಂತ ತಲೆ ಅಲ್ಲಾಡಿಸಿದ್ದು. ತೂಗಿದ್ದು ಯಾವ ಬ್ರೈಟ್‌ಮನ್ ಜೊತೆ?

ಮಂಗಳವಾರ ಅಕ್ಕನಿಗೆ ಫೋನ್ ಮಾಡಿದೆ. ಅವಳು ಊರಿನಲ್ಲಿರಲಿಲ್ಲ, ಇದ್ದಿದ್ದರೆ ಭಾನುವಾರ ನನ್ನ ಮಾನ ಇನ್ನೂ ಜಾಸ್ತಿ ಹೋಗುತ್ತಿತ್ತು. ಅವಳಿಗೆ ಹಾಡಿನ ಗೋಜಿಲ್ಲ, ಆದರೆ ಹಳೇ ಸಾಮಾನಿನ ನೆನಪು ವಿಪರೀತ. ಎಲ್ಲ ಹೇಳಿದೆ. ಅವಳು ಅರ್ಧದಲ್ಲೇ ತಡೆದಳು.

"ಹೈಸ್ಕೂಲಲ್ಲಿ ಯಾರೋ ಕಾಪಿ ಮಾಡಿಕೊಟ್ಟ ಕ್ಯಾಸೆಟ್ ತಾನೆ? ನಮ್ಮ ಟೇಪ್ ರೆಕಾರ್ಡರ್‌ನಲ್ಲಿ ಕೇಳ್ತಿದ್ದಿಯಲ್ಲ?"

"ಹೂಂ."

"ಅದರ ಬೆಲ್ಟ್ ಸಡಿಲ ಆಗಿತ್ತಲ್ಲೇ. ಎಲ್ಲ ಹಾಡೂ ಎಳೀತಿತ್ತು. ಅಪ್ಪ ರಿಪೇರಿ ಮಾಡಿಸ್ತೀನಿ ಮಾಡಿಸ್ತೀನಿ ಅಂತಲೇ ಇದ್ದರು. ನೀನೇ ಬೇಡ ಅಂತಿದ್ದೆ, ಕೊಟ್ಟರೆ ವಾರಗಟ್ಟಲೆ ವಾಪಸ್ ಬರಲ್ಲ ಅಂತ."

ನಾನು ಸುಮ್ಮನೆ ಫೋನ್ ಹಿಡಿದು ಕೂತೆ. ಟೇಪ್ ರೆಕಾರ್ಡರ್ ಕಣ್ಣ ಮುಂದೆ ಬಂತು. ಮುಚ್ಚಳದ ಒಂದು ಕೊಂಡಿ ಮುರಿದಿತ್ತು. ಪ್ಲೇ ಗುಂಡಿಯ ಮೇಲಿನ ಗೆರೆ ಸವೆದು ಹೋಗಿತ್ತು. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾದರೆ ಟೇಪ್ ನಿಧಾನ ತಿರುಗುತ್ತದೆ. ನಿಧಾನ ತಿರುಗಿದರೆ ಸ್ವರವೂ ಇಳಿಯುತ್ತದೆ. ಸಣ್ಣ ಧ್ವನಿಗೆ ಮೈ ಬರುತ್ತದೆ. ಉಸಿರು ಉದ್ದ ಆಗುತ್ತದೆ. ಅಪ್ಪನ ಸಮಾಧಿ ಮುಂದೆ ನಿಂತ ಹುಡುಗಿಯ ಗಂಟಲಲ್ಲಿ ನಾನು ಕೇಳಿದ ಭಾರ ಸಡಿಲ ಬೆಲ್ಟಿನದ್ದು.

ಆ ಕ್ಯಾಸೆಟ್ ಈಗಿಲ್ಲ. ಟೇಪ್ ರೆಕಾರ್ಡರ್ ಇಲ್ಲ. ರಿಪೇರಿ ಮಾಡಿಸ್ತೀನಿ ಅನ್ನುತ್ತಿದ್ದ ಅಪ್ಪನೂ ಇಲ್ಲ. ಅಪ್ಪ ಹೋದ ವರ್ಷ ನಾನು ಆ ಹಾಡನ್ನು ಹಾಕಲೇ ಇಲ್ಲ, ತಲೆಯೊಳಗೇ ಕೇಳಿಕೊಂಡೆ. ಅದು ನಿಧಾನವಾಗಿಯೇ ಬಂದಿರಬೇಕು.

ನಿನ್ನೆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಮೊಬೈಲ್ ತೆಗೆದು, ವೇಗದ ಜೊತೆ ಸ್ವರವನ್ನೂ ಇಳಿಸುವ ಒಂದು ಆಪ್ ಹುಡುಕಿದಳು. ಲಂಡನ್ ಆಲ್ಬಮ್‌ನ ಹಾಡನ್ನು ಅದಕ್ಕೆ ಹಾಕಿ, ಒಂದೊಂದೇ ಗೆರೆ ಕೆಳಗೆ ಎಳೆಯುತ್ತಾ ಹೋದಳು. "ಇದಾ?" "ಇನ್ನೂ ಸ್ವಲ್ಪ." "ಇದಾ?" "ಜಾಸ್ತಿ ಆಯ್ತು, ಗಂಡಸಿನ ಥರ ಕೇಳ್ತಿದೆ." ಮತ್ತೆ ಸ್ವಲ್ಪ ಮೇಲಕ್ಕೆ. "ಇದು?"

ನಾನು ಮಾತಾಡಲಿಲ್ಲ. ಅವಳು ಬೆರಳು ತೆಗೆದು ಮೊಬೈಲನ್ನು ಮೇಜಿನ ಮೇಲಿಟ್ಟಳು. ಹಾಡು ಕೊನೆಯವರೆಗೂ ಹೋಯಿತು.

ಕುರ್ಚಿಯಲ್ಲಿದ್ದ ಭಾವ ಪೇಪರ್ ಕೆಳಗಿಳಿಸಿದರು. "ಇದು ಚೆನ್ನಾಗಿದೆ ಕಣ್ರೇ. ಇದು ಯಾರು?"

ಹುಡುಗಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.