ಕಿರುನಾದಿಂದ ನಾರ್ವಿಕ್‌ಗೆ: ಅದಿರಿನ ಗಾಡಿಗಳ ಹಿಂದೆ

ಸ್ವೀಡನ್ನಿನ ಕಿರುನಾದಲ್ಲಿ ರೈಲು ಹತ್ತಿದರೆ ನಾರ್ವೆಯ ನಾರ್ವಿಕ್ ಬಂದರಿಗೆ ಸುಮಾರು 170 ಕಿ.ಮೀ., ಮೂರು ಗಂಟೆ ಚಿಲ್ಲರೆ. ಬಲಗಡೆಯ ಕಿಟಕಿ ಹಿಡಿಯಬೇಕು. ಮೊದಲು ಟೋರ್ನೆಟ್ರೆಸ್ಕ್ ಸರೋವರ, ಗಡಿ ದಾಟಿದ ಮೇಲೆ ರೊಂಬಾಕ್ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಗೆ ಚಾಚಿದ ಕಡಲಿನ ತೋಳು), ಎರಡೂ ಆ ಕಡೆಗೇ ಸಿಗುತ್ತವೆ. ಒಂದೇ ಶೆಂಗೆನ್ ವೀಸಾ ಎರಡೂ ದೇಶಕ್ಕೆ ಸಾಕು. ಹಣ ಮಾತ್ರ ಬೇರೆ: ಎರಡು ಕಡೆಯೂ ಕ್ರೋನವೇ, ಆದರೆ ಒಂದು ಇನ್ನೊಂದರಲ್ಲಿ ನಡೆಯುವುದಿಲ್ಲ. ನಾರ್ವೆ ಐರೋಪ್ಯ ಒಕ್ಕೂಟದ ಹೊರಗಿರುವುದರಿಂದ ಮದ್ಯ, ಮಾಂಸಕ್ಕೆ ಸುಂಕದ ನಿಯಮಗಳಿವೆ.

ಈ ಹಳಿ ಹಾಕಿದ್ದು ಪ್ರವಾಸಿಗರಿಗಾಗಿ ಅಲ್ಲ. ಕಿರುನಾದ ಕಬ್ಬಿಣದ ಅದಿರಿಗೆ ಹತ್ತಿರದ ಸ್ವದೇಶಿ ಬಂದರು ಲೂಲಿಯೊ. ಆ ಬಂದರು ಇರುವ ಬೋಥ್ನಿಯಾ ಕೊಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ನಾರ್ವಿಕ್ ಇನ್ನೂ ಉತ್ತರಕ್ಕಿದ್ದರೂ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದಾಗಿ ವರ್ಷವಿಡೀ ತೆರೆದಿರುತ್ತದೆ. ಇಂಗ್ಲಿಷ್ ಕಂಪನಿಯೊಂದು ಮೊದಲು ಕೈಹಾಕಿ 1889ರಲ್ಲಿ ದಿವಾಳಿಯಾಯಿತು. ಆಮೇಲೆ ಎರಡೂ ದೇಶಗಳ ಸಂಸತ್ತುಗಳು 1898ರಲ್ಲಿ ಒಪ್ಪಿ ತಂತಮ್ಮ ನೆಲದಲ್ಲಿ ಹಳಿ ಹಾಕಿದವು; 1903ರಲ್ಲಿ, ಆಗ ಎರಡೂ ದೇಶಗಳಿಗೆ ಒಬ್ಬನೇ ಆಗಿದ್ದ ದೊರೆ ಎರಡನೇ ಆಸ್ಕರ್ ಉದ್ಘಾಟಿಸಿದ. ಎರಡೇ ವರ್ಷದಲ್ಲಿ, 1905ಕ್ಕೆ, ಸ್ವೀಡನ್-ನಾರ್ವೆ ಒಕ್ಕೂಟ ಒಡೆಯಿತು. ಗಾಡಿಗಳು ನಿಲ್ಲಲಿಲ್ಲ. ನಮ್ಮ ಕುದುರೆಮುಖಕ್ಕೂ ಒಬ್ಬ ಪರದೇಶಿ ಪಾಲುದಾರನಿದ್ದ. ಇರಾನಿನ ಹಣ ನಂಬಿ ಎದ್ದ ಆ ಯೋಜನೆ 1979ರ ಕ್ರಾಂತಿಯ ಹೊತ್ತಿಗೆ ಅದಿರು ಕೊಳ್ಳುವವನನ್ನೇ ಕಳೆದುಕೊಂಡಿತು. ಕಿರುನಾ-ನಾರ್ವಿಕ್‌ನಲ್ಲಿ ಹಾಗಾಗಲಿಲ್ಲ: ಗಣಿಗೆ ಬಂದರು ಬೇಕಿತ್ತು, ಬಂದರಿಗೆ ಗಣಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಹೊರಡುವ ಮುಂಚೆ ಕಿರುನಾಕ್ಕೆ ಒಂದು ಪೂರ್ತಿ ದಿನ ಕೊಡಿ. ಅದಿರಿನ ಪದರ ಸುಮಾರು 4 ಕಿ.ಮೀ. ಉದ್ದ, 80ರಿಂದ 120 ಮೀಟರ್ ದಪ್ಪ. ಓರೆಯಾಗಿ ಊರಿನ ಅಡಿಗೇ ಇಳಿದಿದೆ. ಕೆಳಗಿನಿಂದ ಅದಿರು ತೆಗೆದಂತೆ ಮೇಲಿನ ಬಂಡೆ ಕುಸಿದು ತುಂಬಿಕೊಳ್ಳಲು ಬಿಡುವುದೇ ಇಲ್ಲಿನ ಪದ್ಧತಿ. ಆದ್ದರಿಂದ ನೆಲದ ಬಿರುಕು ವರ್ಷದಿಂದ ವರ್ಷಕ್ಕೆ ಮನೆಗಳ ಕಡೆ ಸರಿಯುತ್ತದೆ, ಊರೇ ಪೂರ್ವಕ್ಕೆ ಎದ್ದು ಹೋಗುತ್ತಿದೆ. ಹೊಸ ಪೇಟೆ 2022ರಲ್ಲಿ ತೆರೆಯಿತು. 1912ರ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ, ಚಕ್ರದ ಗಾಡಿಗಳ ಮೇಲೆ ಸುಮಾರು 5 ಕಿ.ಮೀ. ಸಾಗಿಸಿದರು. ಗಣಿಯ ಮುಖ್ಯ ಸಾಗಣೆ ಮಟ್ಟ 1,365 ಮೀಟರ್ ಆಳದಲ್ಲಿದೆ. ಪ್ರವಾಸಿಗರನ್ನು ಅಷ್ಟು ಕೆಳಗೆ ಬಿಡುವುದಿಲ್ಲ, ಭೇಟಿ ಕೇಂದ್ರ ಇರುವುದು 540 ಮೀಟರ್‌ನಲ್ಲಿ. ಟಿಕೆಟ್ ಮೊದಲೇ ಕಾದಿರಿಸಿ. ನಡುರಾತ್ರಿ ಕಳೆದ ಮೇಲೆ ಮಂಚ ಸಣ್ಣಗೆ ಅದುರಿದರೆ ಗಾಬರಿ ಬೇಡ, ಸಿಡಿಮದ್ದು ಸಿಡಿಸುವುದು ಆ ಹೊತ್ತಿಗೇ.

ಅದಿರು ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವ ಜಾತಿ. ಕುದುರೆಮುಖದ್ದೂ ಅದೇ ಜಾತಿ, ಆದರೆ ಅಲ್ಲಿ ಕಬ್ಬಿಣದ ಪಾಲು ಶೇ 38ರ ಆಸುಪಾಸು, ಇಲ್ಲಿ ಶೇ 60ಕ್ಕೂ ಹೆಚ್ಚು. ಪುಡಿಮಾಡಿ, ಅಯಸ್ಕಾಂತದಿಂದ ಬೇರ್ಪಡಿಸಿ, ದಪ್ಪ ಕಡಲೆಕಾಳಿನಂಥ ಪೆಲೆಟ್ ಕಟ್ಟಿ ಸುಡುತ್ತಾರೆ. ಸುಡುವಾಗ ಮ್ಯಾಗ್ನಟೈಟ್ ಗಾಳಿಯ ಆಮ್ಲಜನಕ ಹೀರಿ ಹೆಮಟೈಟ್ ಆಗುತ್ತದೆ. ಅದರಿಂದಲೇ ಶಾಖ ಹುಟ್ಟುವುದರಿಂದ ಇಂಧನದ ಖರ್ಚು ಇಳಿಯುತ್ತದೆ. ಬಳ್ಳಾರಿ ಸೀಮೆಯ ಹೆಮಟೈಟ್‌ಗೆ ಈ ಅನುಕೂಲವಿಲ್ಲ.

ರೈಲು ಕಿರುನಾ ಬಿಟ್ಟ ಮೇಲೆ ನಡುನಡುವೆ ನಿಲ್ಲುತ್ತದೆ. ಹಳಿ ಒಂದೇ, ಎದುರಿನಿಂದ ಅದಿರಿನ ಗಾಡಿ ಬರುತ್ತಿದ್ದರೆ ಕ್ರಾಸಿಂಗ್‌ಗೆ ಕಾಯಲೇಬೇಕು. ಆಗ ಬೋಗಿ ಎಣಿಸಿ: 68. ಒಂದೊಂದಕ್ಕೂ ನಾಲ್ಕು ಆಕ್ಸಲ್, ಆಕ್ಸಲ್‌ಗೆ 30 ಟನ್, ಒಟ್ಟು 120. ಬೋಗಿಯ ತೂಕ ಕಳೆದರೆ 100 ಟನ್ ಪೆಲೆಟ್. ಮುಂದೆ ಜೋಡಿ ಎಂಜಿನ್, ಅದೇ 360 ಟನ್. ಎಲ್ಲ ಕೂಡಿದರೆ 8,500 ಟನ್ ದಾಟುತ್ತದೆ, ಉದ್ದ ಮುಕ್ಕಾಲು ಕಿ.ಮೀ. ನಮ್ಮ ಸಾಮಾನ್ಯ ಅದಿರು ವ್ಯಾಗನ್‌ಗಳು ಆಕ್ಸಲ್‌ಗೆ 23 ಟನ್ನಿನ ಹತ್ತಿರ ಹೊರುತ್ತವೆ.

ಎರಡು ದೇಶದ ಸಹಕಾರ ಎಂದರೆ ಏನೆಂದು ತಿಳಿಯುವುದು ಆಕ್ಸಲ್‌ನ ಈ 30 ಟನ್ನಿನಲ್ಲಿ. ಮೊದಲು 25 ಟನ್, 52 ಬೋಗಿ ಇತ್ತು. ಸ್ವೀಡನ್ ತನ್ನ ಕಡೆಯ ಹಳಿ, ಸೇತುವೆಗಳನ್ನಷ್ಟೇ ಗಟ್ಟಿಮಾಡಿದ್ದರೆ ಕಾಸಿನ ಲಾಭವಿರಲಿಲ್ಲ, ನಾರ್ವೆಯ ಒಂದೇ ಒಂದು ಬಡಕಲು ಮೋರಿ ಸಾಕು, ಇಡೀ ಗಾಡಿಯ ಭಾರ ಅದರ ಅಳತೆಗೇ ಇಳಿಯಬೇಕು. ಕ್ರಾಸಿಂಗ್ ಹಳಿಗಳೂ ಹಾಗೆಯೇ: 750 ಮೀಟರ್ ಗಾಡಿ ಹಿಡಿಸದ ನಿಲ್ದಾಣ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಳಿಗಳ ನಡುವಿನ ಅಂತರ ಮತ್ತು 15,000 ವೋಲ್ಟ್‌ನ ವಿದ್ಯುತ್ತು ಎರಡೂ ಕಡೆ ಒಂದೇ ಆಗಿರುವುದರಿಂದ ಗಡಿಯಲ್ಲಿ ಎಂಜಿನ್ ಬದಲಿಸುವ ರಗಳೆ ಇಲ್ಲ.

ಚಳಿಗಾಲದಲ್ಲಿ ಕೆಡುವುದು ಹೆಚ್ಚಾಗಿ ಚಕ್ರ ಮತ್ತು ಹಳಿ. ಮೈನಸ್ 30ರಲ್ಲಿ ಬೆಸೆದ ಹಳಿ ಕುಗ್ಗಿ ಬಿಗಿಯುತ್ತದೆ, ಉಕ್ಕು ಪೆಡಸಾಗುತ್ತದೆ. ಹಿಮ ಸಿಕ್ಕಿ ಬ್ರೇಕ್ ಬಿಡದಿದ್ದರೆ ಚಕ್ರ ಉರುಳದೆ ಜಾರಿ ಒಂದು ಕಡೆ ಚಪ್ಪಟೆಯಾಗುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಹಳಿಗೆ ಸುತ್ತಿಗೆಯೇಟು. ಹಳಿ ತಪ್ಪಿದ ಒಂದು ಚಕ್ರವನ್ನು ಚಾಲಕ ಗಮನಿಸುವುದರೊಳಗೆ ಅದು ಕಿಲೋಮೀಟರ್‌ಗಟ್ಟಲೆ ಸ್ಲೀಪರ್ (ಹಳಿಯ ಅಡಿಯ ಅಡ್ಡ ತೊಲೆ) ಒಡೆದಿರಬಹುದು. 2023ರ ಡಿಸೆಂಬರ್‌ನಲ್ಲಿ ವಸ್ಸಿಯೌರೆ ಬಳಿ ಗಾಡಿ ಹಳಿ ತಪ್ಪಿದಾಗ ಸುಮಾರು 15 ಕಿ.ಮೀ. ಮಾರ್ಗ ಹಾಳಾಯಿತು. ಫೆಬ್ರುವರಿಯಲ್ಲಿ ಮತ್ತೆ ತೆರೆದ ಕೆಲವೇ ದಿನಕ್ಕೆ ಇನ್ನೊಂದು ಗಾಡಿ ಹಳಿ ತಪ್ಪಿತು. ಬದಲಿ ಹಳಿಯಿಲ್ಲದ ಕಡೆ ಗಣಿಯ ಅಂಗಳದಲ್ಲಿ ಪೆಲೆಟ್ ಗುಡ್ಡೆ ಬೆಳೆಯುವುದು ಹೀಗೆ.

ಗಡಿಯ ರಿಕ್ಸ್‌ಗ್ರೆನ್ಸೆನ್‌ನಿಂದ ಮುಂದಿನ 43 ಕಿ.ಮೀ. ಪೂರ್ತಿ ಇಳಿಜಾರು, 500 ಮೀಟರ್ ಎತ್ತರದಿಂದ ಸಮುದ್ರಕ್ಕೆ. ತುಂಬಿದ ಗಾಡಿಯ ಮೋಟಾರುಗಳು ಇಲ್ಲಿ ಬ್ರೇಕಿನ ಕೆಲಸ ಮಾಡುತ್ತ ವಿದ್ಯುತ್ತನ್ನು ತಂತಿಗೆ ಮರಳಿಸುತ್ತವೆ. ಖಾಲಿ ಗಾಡಿ ಗಡಿಯವರೆಗೆ ಹತ್ತಲು ಅಷ್ಟೇ ಸಾಕು. ಕಾಲಿಗೆ ಶಕ್ತಿಯಿದ್ದವರು ಬೇಸಿಗೆಯಲ್ಲಿ ಹಳಿ ಕಟ್ಟಿದ ಕೂಲಿಗಳ ಹಳೆಯ ದಾರಿ ಹಿಡಿದು ಫ್ಯೋರ್ಡ್‌ಗೆ ಇಳಿಯಬಹುದು. 1940ರಲ್ಲಿ ಈ ಅದಿರಿಗಾಗಿ ನಡೆದ ಕದನದಲ್ಲಿ ದಡ ಹತ್ತಿದ ಜರ್ಮನ್ ಯುದ್ಧನೌಕೆ ಗೆಯೊರ್ಗ್ ಟೀಲೆಯ ಮೂತಿ ನೀರಿನಿಂದ ಇನ್ನೂ ಮೇಲಿದೆ.

ನಾರ್ವಿಕ್‌ನಲ್ಲಿ ಬೋಗಿಗಳು ತಳ ತೆರೆದು ಪೆಲೆಟ್ಟನ್ನು ಬಂಡೆಯಲ್ಲಿ ಕೊರೆದ ಆಳದ ಸೈಲೋಗಳಿಗೆ ಸುರಿಯುತ್ತವೆ. ದೂಳು ಊರಿಗೆ ಹಾರುವುದಿಲ್ಲ. ನೋಡಲು ಬಂದವರಿಗೆ ಅದಿರೂ ಕಾಣುವುದಿಲ್ಲ.

ಈ ಬಂದರಿಗೆ ಫಿನ್ಲೆಂಡ್ ಗಡಿಯ ಪಕ್ಕದ ಕೌನಿಸ್ವಾರಾ ಗಣಿಯ ಅದಿರೂ ಬರುತ್ತದೆ, ಸುಮಾರು 160 ಕಿ.ಮೀ. ಲಾರಿಯಲ್ಲಿ, ಆಮೇಲೆ ರೈಲಿನಲ್ಲಿ. ಹತ್ತಿರದ ಫಿನ್ಲೆಂಡ್ ಹಳಿಗೆ ಏಕೆ ಹೋಗಬಾರದು ಎನ್ನುವವರು ವಾಪಸಾಗುವಾಗ ಹಾಪರಂಡಾ-ಟೋರ್ನಿಯೊ ಗಡಿ ನೋಡಲಿ. ಸ್ವೀಡನ್ನಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1,435 ಮಿ.ಮೀ., ಫಿನ್ಲೆಂಡಿನಲ್ಲಿ 1,524. ವ್ಯತ್ಯಾಸ ಬರೀ 89 ಮಿ.ಮೀ.; ಒಂದೊಂದು ಹಳಿಯ ತಳವೇ ಅದಕ್ಕಿಂತ ಅಗಲ, ಹಾಗಾಗಿ ಒಂದು ಬದಿ ಹಂಚಿಕೊಂಡು ಮೂರು ಹಳಿಯಲ್ಲಿ ಮುಗಿಸಲು ಆಗುವುದಿಲ್ಲ. ಎರಡು ಪಟ್ಟಣಗಳ ನಡುವಿನ ಆ ತುಂಡಿನಲ್ಲಿ ನಾಲ್ಕು ಹಳಿ ಹಾಕಿದ್ದಾರೆ. ಸ್ವೀಡನ್ನಿನ ಬೋಗಿಯಲ್ಲಿ ಬಂದ ಸರಕು ಫಿನ್ಲೆಂಡಿನ ಒಳಗೆ ಹೋಗಬೇಕಾದರೆ ಅಲ್ಲಿ ಇಳಿಸಿ, ಇನ್ನೊಂದು ಬೋಗಿಗೆ ತುಂಬಬೇಕು.