ಎರಡನೇ ಚರಣ ಸಿಗದ ಹಾಡುಗಳು

ಚಿತ್ರಗೀತೆ ಬರೆಯುವವರ ಮನೆಯ ಅಟ್ಟದಲ್ಲಿ ಕ್ಯಾಸೆಟ್ಟುಗಳ ಡಬ್ಬ ಇದ್ದೇ ಇರುತ್ತದೆ. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಮಾಡುವವರೆಗೆ ಕನ್ನಡದ ಹಾಡುಗಳ ರೆಕಾರ್ಡಿಂಗ್ ಬಹುಪಾಲು ಮದ್ರಾಸಿನಲ್ಲೇ ನಡೆಯುತ್ತಿತ್ತು. ರಾಗ ಹಾಕಿದವರು ಅಲ್ಲಿ, ಬರೆಯುವವರು ಎಷ್ಟೋ ಸಲ ಇಲ್ಲಿ; ನಡುವೆ ಓಡಾಡುತ್ತಿದ್ದುದು ಕ್ಯಾಸೆಟ್ಟು. ಸ್ಟುಡಿಯೋ ಊರಿಗೇ ಬಂದ ಮೇಲೂ ಆ ರೂಢಿ ಹೋಗಲಿಲ್ಲ. ರಾಗ ಹಾಕುವ ಮೇಷ್ಟ್ರು ಹಾರ್ಮೋನಿಯಂ ಹಿಡಿದು ‘ತನನ ತಾನನ’ ಎಂದು ಹಾಡಿದ್ದು, ನಿರ್ದೇಶಕರು ನಡುವೆ ಬಾಯಿ ಹಾಕಿ ಸನ್ನಿವೇಶ ಹೇಳಿದ್ದು, ಕಾಫಿ ಲೋಟದ ಸದ್ದು, ಎಲ್ಲ ಒಂದೇ ಬದಿಯಲ್ಲಿ. ಚಿತ್ರ ಮುಹೂರ್ತದಲ್ಲೇ ನಿಂತುಹೋದರೂ ಟೇಪು ಉಳಿಯುತ್ತದೆ.

ಇತ್ತೀಚೆಗೆ ಒಂದು ಭಾನುವಾರ ಪೂರ್ತಿ ಇಂಥ ಒಂದು ಹಾಡಿಗೆ ಹೋಯಿತು. ಪಲ್ಲವಿ ಇತ್ತು, ಒಂದು ಚರಣ ಇತ್ತು, ಎರಡನೆಯದು ಇರಲಿಲ್ಲ. ಅರ್ಧಕ್ಕೆ ನಿಂತ ಹಾಡುಗಳಲ್ಲಿ ಹೆಚ್ಚಿನವು ನಿಲ್ಲುವುದು ಇಲ್ಲೇ. ಎರಡನೇ ಚರಣ ಹುಟ್ಟದಿದ್ದರೆ ತಪ್ಪನ್ನು ಮೊದಲನೇ ಚರಣದಲ್ಲಿ ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಪೆನ್ನು ಹಿಡಿಯುವ ಮುಂಚೆ ಟೇಪಿನ ಕೆಲಸ ಮುಗಿದಿರಬೇಕು.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದ್ದ ಕ್ಯಾಸೆಟ್ಟಾದರೆ ಮೊದಲು ಕಿಟಕಿಯಿಂದ ಟೇಪಿನ ಅಂಚನ್ನು ನೋಡಿ. ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಒಳ್ಳೆಯ ಡೆಕ್ಕಿಗೆ, ಅಂದರೆ ಕ್ಯಾಸೆಟ್ ಪ್ಲೇಯರಿಗೆ, ಹಾಕಬೇಡಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಒಳಗೆ ಟೇಪನ್ನು ಡೆಕ್ಕಿನ ಹೆಡ್ಡಿಗೆ (ಟೇಪಿನಿಂದ ದನಿ ಎತ್ತುವ ಭಾಗಕ್ಕೆ) ಒತ್ತಿಹಿಡಿಯುವ ಸಣ್ಣ ಫೆಲ್ಟ್ ತುಂಡು ಇದೆಯೇ ನೋಡಿ. ಹಳೆಯ ಅಂಟು ಒಣಗಿ ಅದು ಉದುರಿರುತ್ತದೆ, ಆಗ ದನಿ ಮಂಕಾಗಿ ಏರಿಳಿಯುತ್ತದೆ. ಸ್ಕ್ರೂ ಇರುವ ಡಬ್ಬಿಯಾದರೆ ಬಿಚ್ಚಿ ಸುರುಳಿಗಳನ್ನು ಬೇರೆ ಡಬ್ಬಿಗೆ ಹಾಕಬಹುದು. ಅಂಟಿಸಿ ಮುಚ್ಚಿದ್ದಾದರೆ ಅಂಚಿಗೆ ಬ್ಲೇಡು ಇಟ್ಟು ಒಡೆಯುವುದೊಂದೇ ದಾರಿ. 120 ನಿಮಿಷದ ಕ್ಯಾಸೆಟ್ಟಿನಲ್ಲಿ ಟೇಪು 9 ಮೈಕ್ರಾನ್ ದಪ್ಪ, 60 ನಿಮಿಷದ್ದರಲ್ಲಿ ಅದರ ಎರಡರಷ್ಟು; ತೆಳುವಾದದ್ದನ್ನು ಬೆರಳಲ್ಲಿ ಎಳೆದರೆ ಹಿಗ್ಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ವರ್ಷಗಟ್ಟಲೆ ಸುತ್ತಿಟ್ಟ ಟೇಪನ್ನು ಪ್ಲೇ ಮಾಡುವ ಮುಂಚೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಬೇಕು, ಬಿಗಿ ಸಮನಾಗಲಿ ಎಂದು. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಹತ್ತಿಕಡ್ಡಿಯಿಂದ ಒರೆಸಿ. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಹೆಡ್ಡಿನ ಓರೆ ಬದಲಿಸುವ ಅಜಿಮತ್ ಸ್ಕ್ರೂ. ಬೇರೆ ಮೆಷೀನಿನಲ್ಲಿ ರೆಕಾರ್ಡ್ ಆದ ಟೇಪಿನ ಓರೆ ಬೇರೆ. ಎರಡೂ ಚಾನಲ್ ಕೂಡಿಸಿ ಮೊನೋದಲ್ಲಿ ಕೇಳುತ್ತಾ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ‘ಸ’ಕಾರ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ. ಮನೆಯ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿದ್ದಕ್ಕೆ ಡಾಲ್ಬಿ, ಅಂದರೆ ಟೇಪಿನ ಸುಯ್ ಸದ್ದು ತಗ್ಗಿಸುವ ಏರ್ಪಾಡು, ಇರುವುದಿಲ್ಲ. ಡೆಕ್ಕಿನಲ್ಲಿ ಆ ಗುಂಡಿ ಒತ್ತಿದ್ದರೆ ಇರುವ ಹೊಳಪೂ ಹೋಗುತ್ತದೆ. ಕಂಪ್ಯೂಟರಿಗೆ ಇಳಿಸಿಕೊಳ್ಳಲು 24 ಬಿಟ್, 48 ಕಿಲೋಹರ್ಟ್ಸ್ ಸಾಕು, ಜೋರು ದನಿ ಮೈನಸ್ 12 ಡೆಸಿಬಲ್ ದಾಟದಿರಲಿ. 45 ನಿಮಿಷದ ಒಂದು ಬದಿಗೆ ಸ್ಟೀರಿಯೋದಲ್ಲಿ ಸುಮಾರು 780 ಎಂಬಿ ಆಗುತ್ತದೆ. ಮಾತುಕತೆ ಇರುವ ಕಡೆ ನಿಲ್ಲಿಸಬೇಡಿ, ಬದಿ ಪೂರ್ತಿ ಹೋಗಲಿ. ಸನ್ನಿವೇಶ ಏನಿತ್ತು ಎಂಬುದಕ್ಕೆ ಆ ಮಾತುಕತೆ ಬಿಟ್ಟರೆ ಬೇರೆ ದಾಖಲೆ ಇರುವುದಿಲ್ಲ.

ಮುಂದಿನದು ಶ್ರುತಿ. ಹೆಚ್ಚಿನವರು ಎಡವುವುದು ಇಲ್ಲೇ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು, ಆದರೆ ಹಳೆಯ ಮೋಟರು, ಸಡಿಲ ಬೆಲ್ಟು, ಇಳಿದುಹೋದ ಬ್ಯಾಟರಿ ಇವುಗಳಿಂದ ಶೇಕಡಾ 2-3 ಆಚೀಚೆ ಆಗುವುದು ಮಾಮೂಲು. ಶೇ 6 ತಪ್ಪಿದರೆ ಕೀಬೋರ್ಡಿನಲ್ಲಿ ಒಂದು ಪೂರ್ತಿ ಮನೆ (ಪಕ್ಕದ ಕೀಗೆ ಇರುವ ಅಂತರ), ಶೇ 3 ಎಂದರೆ ಅರ್ಧ ಮನೆ. ಈ ಟೇಪಿನಲ್ಲಿ ಹಾಡಿನ ಶ್ರುತಿ ಬಿಳಿ ಒಂದಕ್ಕೂ (ಮೊದಲ ಬಿಳಿ ಕೀ) ಕರಿ ಒಂದಕ್ಕೂ (ಮೊದಲ ಕಪ್ಪು ಕೀ) ನಡುವೆ ನಿಂತಿತ್ತು, ಯಾವ ಕೀಬೋರ್ಡಿಗೂ ಕೂಡದ ಹಾಗೆ.

ಅಳೆಯಲು ಏನಾದರೂ ಆಧಾರ ಬೇಕು. ಕರೆಂಟಿನ ಗುಂಯ್‌ಗುಡುವಿಕೆ ಟೇಪಿನಲ್ಲಿ ಸೇರಿರುತ್ತದೆ, ಅದು 50 ಹರ್ಟ್ಸ್, ಅದನ್ನೇ ಹಿಡಿಯಿರಿ ಎಂದು ಹೊರದೇಶದ ಎಂಜಿನಿಯರುಗಳು ಹೇಳುತ್ತಾರೆ. ನಮ್ಮಲ್ಲಿ ಅದು ನಂಬಿಕೆಗೆ ಯೋಗ್ಯವಲ್ಲ. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ಡಿನಲ್ಲಿ ಸಂಜೆ ಹೊತ್ತು 49ಕ್ಕಿಂತ ಕೆಳಗಿಳಿಯುವುದು ಸಾಮಾನ್ಯವಾಗಿತ್ತು. ಆ ಕಾಲದ ಸಂಜೆಯ ಸಿಟ್ಟಿಂಗಿನ (ರಾಗ ಕಟ್ಟಲು ಎಲ್ಲರೂ ಕೂರುವ ಬೈಠಕ್ಕಿನ) ಟೇಪನ್ನು 50ಕ್ಕೆ ಎಳೆದು ಕೂರಿಸಿದರೆ ಹಾಡು ಇದ್ದದ್ದಕ್ಕಿಂತ ಮೇಲೆ ಹೋಗುತ್ತದೆ. ಕೈಯಲ್ಲಿ ಶ್ರುತಿ ಮಾಡಿದ ಹಾರ್ಮೋನಿಯಂ, ಶ್ರುತಿಪೆಟ್ಟಿಗೆ ಕೂಡ ಆಧಾರವಲ್ಲ. ಎಲೆಕ್ಟ್ರಾನಿಕ್ ಕೀಬೋರ್ಡಿನ ಒಂದು ಸ್ವರ ಎಲ್ಲಾದರೂ ಕೇಳಿಸಿದರೆ ಅದನ್ನು ಹಿಡಿಯಿರಿ. ಇಲ್ಲಿ ಅದೃಷ್ಟಕ್ಕೆ ಬದಿಯ ಕೊನೆಯಲ್ಲಿ ಯಾರೋ ಕೀಬೋರ್ಡ್ ಒತ್ತಿ ನೋಡಿದ್ದರು. 440 ಹರ್ಟ್ಸ್ ಇರಬೇಕಾದ ಸ್ವರ 428 ತೋರಿಸಿತು. 440ನ್ನು 428ರಿಂದ ಭಾಗಿಸಿದರೆ 1.028. ಪಿಚ್ಚು, ಲಯ ಎರಡನ್ನೂ ಒಟ್ಟಿಗೆ ಅಷ್ಟು ಏರಿಸಬೇಕು, ಅಂದರೆ ವೇಗ ಬದಲಿಸಬೇಕು. ಪಿಚ್ ಮಾತ್ರ ಬದಲಿಸುವ ಆಯ್ಕೆ ಒತ್ತಿದರೆ ಲಯ ಹಳೆಯ ತಪ್ಪಿನಲ್ಲೇ ಉಳಿಯುತ್ತದೆ. ಸರಿಪಡಿಸಿದ ಮೇಲೆ ಹಾಡು ಕರಿ ಒಂದಕ್ಕೆ ನೇರ ಕೂತಿತು, ನಿಮಿಷಕ್ಕೆ 74 ಪೆಟ್ಟು ಇದ್ದ ಲಯ 76 ಆಯಿತು.

ಲಯ ಹಾಕುವಾಗ ಇನ್ನೊಂದು ತೊಡಕು. ಈ ರಾಗ ಏಳರ ನಡೆಯದು, ಮಿಶ್ರ. ಕಂಪ್ಯೂಟರಿನಲ್ಲಿ ಹೊಸ ಸೆಷನ್ ತೆರೆದರೆ ಅದು ತಾನಾಗಿಯೇ ನಾಲ್ಕಕ್ಕೆ ಹೊಂದಿಕೊಂಡಿರುತ್ತದೆ. ಗೆರೆಗಳು ಯಾವುದಕ್ಕೂ ಕೂಡುವುದಿಲ್ಲ, ಹಾಡಿದವರಿಗೇ ಲಯ ತಪ್ಪಿದೆ ಎಂದು ಅನುಮಾನ ಬರುತ್ತದೆ. ಮೊದಲು ತೊಡೆ ತಟ್ಟಿ ಎಣಿಸಿ. ಸಿಟ್ಟಿಂಗಿನಲ್ಲಿ ಹಾಡಿದ್ದಕ್ಕೆ ಕ್ಲಿಕ್, ಅಂದರೆ ಲಯ ಹಿಡಿಯಲು ಕೇಳಿಸುವ ಟಿಕ್ ಟಿಕ್, ಇರುವುದಿಲ್ಲ, ಪಲ್ಲವಿಗಿಂತ ಚರಣ ತುಸು ಓಡುತ್ತದೆ. ಅದನ್ನು ಗೆರೆಗೆ ಎಳೆದು ಸರಿಮಾಡಲು ಹೋಗಬೇಡಿ. ಟೇಪು ಇರುವುದು ಕೇಳಿ ಬರೆಯಲು, ಬಿಡುಗಡೆ ಮಾಡಲು ಅಲ್ಲ.

ಈಗ ಮಾತು. ಪಲ್ಲವಿ ಹೀಗಿತ್ತು:

ಮಳೆಯು ನಿಂತರು ಮರದ ಹನಿಗಳು
ನಿನ್ನ ಹೆಸರನೆ ಹೇಳಿ ಬಿದ್ದಿವೆ

ಮೂರು-ನಾಲ್ಕು, ಮೂರು-ನಾಲ್ಕು. ಭಾಮಿನಿ ಷಟ್ಪದಿಯ ಮೊದಲ ಸಾಲಿನ ಅಳತೆಯೇ ಇದು. ಕುಮಾರವ್ಯಾಸ ಓದಿ ಬೆಳೆದ ಕಿವಿಗೆ ಲೆಕ್ಕ ಹಾಕದೆಯೇ ಕೂರುತ್ತದೆ. ಕಾಗದದ ಮೇಲೆ ಎರಡು ಸಾಲಿಗೂ 14 ಮಾತ್ರೆ, ಸರಿಯಿದೆ. ಆದರೆ ರಾಗಕ್ಕೆ ಬರೆಯುವಾಗ ಮಾತ್ರೆಯ ಮೊತ್ತ ಸಾಲದು, ಗುರು-ಲಘು ಎಲ್ಲಿ ಬೀಳುತ್ತದೆ ಎಂಬುದೂ ಕೂಡಬೇಕು. ಟೇಪಿನಲ್ಲಿ ಮೇಷ್ಟ್ರು ಮೊದಲ ಸಾಲಿಗೆ ಹಾಡಿದ್ದು ‘ತನನ ತಾನನ ತನನ ತಾನನ’. ಮೊದಲ ‘ತಾನನ’ಕ್ಕೆ ‘ನಿಂತರು’ ಸರಿಯಾಗಿ ಬರುತ್ತದೆ. ಎರಡನೆಯದಕ್ಕೆ ‘ಹನಿಗಳು’, ನಾಲ್ಕೂ ಲಘು. ದೀರ್ಘದ ಜಾಗದಲ್ಲಿ ‘ಹ’ ಕೂತು, ಗಾಯಕ ಎಳೆದ ಕೂಡಲೇ ಅದು ‘ಹಾನಿಗಳು’ ಆಗುತ್ತದೆ. ಪ್ರೇಮಗೀತೆ ವಿಮಾ ಕಚೇರಿಯ ಅರ್ಜಿಯಾಗುತ್ತದೆ. ಎರಡನೇ ಸಾಲಿಗೆ ಮೇಷ್ಟ್ರು ಹಾಡಿದ ತತ್ತಕಾರ (ಮಾತಿನ ಬದಲು ಹಾಡುವ ‘ತನನ’) ‘ತಾನ ತನನನ ತಾನ ತಾನನ’, ಅಲ್ಲಿ ಒಂದೂ ತೊಂದರೆಯಿಲ್ಲ.

ದಾರಿ ಎರಡು. ‘ಮರದ ತುಂತುರು’ ಎಂದು ಹಾಕಿ ‘ಬಿದ್ದಿವೆ’ಯನ್ನು ‘ಬಿದ್ದಿದೆ’ ಮಾಡಿದರೆ ಅಳತೆಗೆ ಚೊಕ್ಕ. ಆದರೆ ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಬೆನ್ನಿಗಿರುವುದರಿಂದಲೇ ಆ ಪಲ್ಲವಿಗೆ ಜೀವ. ‘ತುಂತುರು’ ಬಂದರೆ ಗಾದೆ ಮಾಯ. ಇನ್ನೊಂದು, ಆ ‘ತಾ’ವನ್ನು ಎರಡು ಗಿಡ್ಡ ಸ್ವರವಾಗಿ ಒಡೆಯುವುದು. ಅದು ರಾಗ ಹಾಕಿದವರ ಹಕ್ಕು, ಬರೆಯುವವರು ತಾವೇ ತಿದ್ದಬಾರದು. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದರೆ, “ಅಲ್ಲಿ ಎಳೆದದ್ದು ನಾನಲ್ಲ ಕವಿಗಳೇ, ಹಾರ್ಮೋನಿಯಂ ತಿದಿ. ಒಡೆದುಹಾಕಿ” ಎಂದರು. ಗಾದೆ ಉಳಿಯಿತು.

ಮೊದಲ ಚರಣ ಶುರುವಾಗುವುದು ಹೀಗೆ:

ಕೊಡೆಯ ಮಡಿಸಿದೆ, ಕದವ ತೆರೆದೆನು
ಒಳಗೆ ಬಂದುದು ಗಾಳಿಯೊಂದೇ

ಕೆಟ್ಟ ಸಾಲುಗಳೇನಲ್ಲ. ಆದರೆ ಕಾಯುವಿಕೆ ಇಲ್ಲೇ ಮುಗಿದುಹೋಯಿತು. ಮನೆಗೆ ಬಂದಾಯಿತು, ಬಾಗಿಲು ತೆಗೆದಾಯಿತು, ಅವಳು ಇಲ್ಲ ಎಂದು ತಿಳಿದಾಯಿತು. ಇದಾದ ಮೇಲೆ ಎರಡನೇ ಚರಣದಲ್ಲಿ ಹೇಳುವುದೇನು? ನೋಟುಬುಕ್ಕಿನ ಹಾಳೆಯಲ್ಲಿ ಅದಕ್ಕೆ ಬರೆದು ಹೊಡೆದುಹಾಕಿದ ಸಾಲುಗಳೆಲ್ಲ ಅದೇ ಗಾಳಿ, ಅದೇ ಖಾಲಿ ಮನೆ, ಬೇರೆ ಮಾತಿನಲ್ಲಿ. ಹಾಗಿದ್ದರೆ ಇದು ಮೊದಲ ಚರಣವೇ ಅಲ್ಲ, ಎರಡನೆಯದು. ಸಿಟ್ಟಿಂಗಿನಲ್ಲಿ ಹೀಗಾಗುವುದು ಸಹಜ. ನಿರ್ದೇಶಕರಿಗೆ ಆ ಹೊತ್ತಿಗೆ ಏನಾದರೂ ಕೇಳಿಸಬೇಕು, ಬರೆಯುವವರು ಕೈಯಲ್ಲಿರುವ ಅತ್ಯುತ್ತಮ ಸಾಲನ್ನೇ ಮೊದಲು ಎತ್ತಿ ಕೊಡುತ್ತಾರೆ, ಅತ್ಯುತ್ತಮ ಸಾಲು ಸಾಮಾನ್ಯವಾಗಿ ಮುಕ್ತಾಯದ್ದೇ ಆಗಿರುತ್ತದೆ.

ಅದನ್ನು ಕೆಳಗಿಳಿಸಿ ಮೇಲೆ ಜಾಗ ಖಾಲಿ ಮಾಡಿದರೆ, ಬರೆಯಬೇಕಾದದ್ದು ಮನೆಗೆ ಬರುವ ಮುಂಚಿನದು. ಟೇಪಿನಲ್ಲಿ ನಿರ್ದೇಶಕರ ದನಿ ಅದನ್ನೂ ಹೇಳುತ್ತಿತ್ತು: ಹುಡುಗ ಬಸ್‌ಸ್ಟಾಪಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ.

ಬಸ್ಸು ಬರುವುದು ತಡವು ಎಂದರು
ಕಾದೆ ಬೇಕರಿ ಮಾಡಿನಡಿಯಲಿ

ಮೂರು-ನಾಲ್ಕು ಕೂಡಿತು. ಚರಣದಲ್ಲಿ ರಾಗ ಬಿಡಿ ಸ್ವರಗಳಲ್ಲೇ ಓಡುತ್ತದೆ, ಎಳೆತವಿಲ್ಲ, ಆದ್ದರಿಂದ ಗುರು ಎಲ್ಲಿ ಬಿದ್ದರೂ ನಡೆಯುತ್ತದೆ, ಎರಡನೇ ಸಾಲಿನ ಕೊನೆಯೊಂದು ಬಿಟ್ಟು. ಅಲ್ಲಿ ಸ್ವರ ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುತ್ತದೆ. ಪಾದದ ಕೊನೆಯ ಲಘುವನ್ನು ಎಳೆಯಲು ಛಂದಸ್ಸಿನ ಅಡ್ಡಿಯಿಲ್ಲ, ಅಡ್ಡಿ ಗಂಟಲಿನದು. ತಾರದಲ್ಲಿ ‘ಇ’, ‘ಉ’ ಹಿಡಿದು ನಿಂತರೆ ಬಾಯಿ ಕಿರಿದಾಗಿ ದನಿ ಕೀರಲಾಗುತ್ತದೆ. ‘ಆ’, ‘ಓ’, ‘ಏ’ ಸಲೀಸು. ‘ಅಡಿಯಲಿ’ ಹೋಗಿ ‘ಮಾಡಿನಡಿಯೇ’ ಆಯಿತು. ಮಾತ್ರೆ ಅಷ್ಟೇ, ಕೆಳಗಿನ ‘ಗಾಳಿಯೊಂದೇ’ ಜೊತೆ ಅಂತ್ಯವೂ ಕೂಡಿತು. ಹಾಗೆಂದು ಉಳಿದ ಸಾಲುಗಳಿಗೆಲ್ಲ ಪ್ರಾಸ ಹುಡುಕಲು ಹೋಗಲಿಲ್ಲ. ಹಳೆಯ ಹಾಡು ಮುಗಿಸುವಾಗ ಪ್ರಾಸ ಒತ್ತಿ ತುಂಬಿದರೆ ಹೊಸ ಸಾಲು ಯಾವುದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಹಳೆಯ ಸಾಲುಗಳಲ್ಲಿ ‘ಬಂದುದು’, ‘ತೆರೆದೆನು’ ಎಂಬ ನಡುಗನ್ನಡದ ವಾಸನೆ ಇದ್ದರೆ ಹೊಸದರಲ್ಲೂ ಚೂರು ಇರಲಿ. ‘ತಡವು’ ಬಂದದ್ದು ಆ ಕಾರಣಕ್ಕೆ.

ಇನ್ನು ಕಾಗದಪತ್ರ. ಹಾಡುಗಾರರಿಗೆ ಹೇಳುವ ಮುಂಚೆ ಇದು ಇತ್ಯರ್ಥವಾಗಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಬೇರೆ ಕೃತಿ, ಸಂಗೀತ ಬೇರೆ ಕೃತಿ. ಮಾತು ನನ್ನದಾದರೆ ಅದನ್ನು ಬೇರೆ ರಾಗಕ್ಕೆ ಒಯ್ಯಬಹುದು. ಅದೇ ರಾಗ ಬೇಕಾದರೆ ರಾಗದವರ ಒಪ್ಪಿಗೆ ಬೇಕು, ಅವರಿಲ್ಲದಿದ್ದರೆ ವಾರಸುದಾರರದು, ನಿಧನಾನಂತರ 60 ವರ್ಷದವರೆಗೆ. ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಿರಬೇಕು. ಪತ್ರದಲ್ಲಿ ಅವಧಿ ಹಾಕಿಲ್ಲದಿದ್ದರೆ 5 ವರ್ಷ ಎಂದೇ ಅರ್ಥ. ವರ್ಗಾವಣೆ ಪಡೆದವರು ಒಂದು ವರ್ಷದೊಳಗೆ ಹಕ್ಕು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿರದ ಹೊರತು, ಅದು ಬಿದ್ದುಹೋಗುತ್ತದೆ. ಬಿಡುಗಡೆಯಾಗದ ಹಾಡುಗಳಿಗೆ ಬಹಳ ಸಲ ಕೆಲಸಕ್ಕೆ ಬರುವುದು 19ನೇ ಕಲಮಿನ ಈ ಮಾತು. ಆದರೆ ಚಿತ್ರಕ್ಕೆಂದು ದುಡ್ಡು ಕೊಟ್ಟು ಬರೆಸಿದ್ದರೆ ಕತೆ ಬೇರೆ: 1977ರಲ್ಲಿ ಸುಪ್ರೀಂ ಕೋರ್ಟು ನಿರ್ಮಾಪಕರ ಪರವಾಗಿ ಹೇಳಿದೆ. ಮುಂಗಡ ಪಡೆದಿದ್ದರೆ, ಚಿತ್ರ ನಿಂತಿದ್ದರೂ, ನಿರ್ಮಾಪಕರಿಂದ ಆಕ್ಷೇಪಣೆ ಇಲ್ಲ ಎಂಬ ಒಂದು ಪತ್ರ ಪಡೆಯುವುದು ಕ್ಷೇಮ. 2012ರ ತಿದ್ದುಪಡಿ ಬಂದ ಮೇಲೆ, ಥಿಯೇಟರಿನ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳಿಗೆ ಬರೆದವರಿಗೂ ರಾಗ ಹಾಕಿದವರಿಗೂ ಹಕ್ಕು ಪಡೆದವರ ಜೊತೆ ಸಮಪಾಲು ರಾಯಧನ. ಅದನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರು ನಿಲ್ಲುವುದಿಲ್ಲ.

ಹಳೆಯ ಟೇಪಿನಲ್ಲಿ ಟ್ರ್ಯಾಕ್ ಹಾಡಿದವರ ದನಿ ಚೆನ್ನಾಗಿದೆ, ಅದನ್ನೇ ಬಳಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ದನಿಯನ್ನು ವಾದ್ಯದಿಂದ ಬೇರ್ಪಡಿಸುವ ಸಾಫ್ಟ್‌ವೇರ್ ಈಗ ಸುಲಭವಾಗಿ ಸಿಗುತ್ತದೆ. ಡ್ರಮ್ಮು, ಬೇಸು ಇದ್ದರೆ ಚೆನ್ನಾಗಿಯೇ ಬಿಡಿಸುತ್ತದೆ. ಹಾರ್ಮೋನಿಯಂ ಮಾತ್ರ ಗಾಯಕನ ಸ್ವರವನ್ನೇ ಹಿಂಬಾಲಿಸುವ ವಾದ್ಯವಾದ್ದರಿಂದ ಅದರ ರೀಡಿನ ಒರಟುತನ ಗಾಯಕನ ದನಿಯ ಅಂಚಿಗೆ ಅಂಟಿಕೊಂಡೇ ಬರುತ್ತದೆ. ಅದಲ್ಲದೆ ಹಾಡಿದವರಿಗೂ ತಮ್ಮ ಹಾಡಿಕೆಯ ಮೇಲೆ 50 ವರ್ಷದ ಹಕ್ಕಿದೆ. ಅವರನ್ನು ಕೇಳದೆ ಒಂದು ಸಾಲನ್ನೂ ಹಾಕುವಂತಿಲ್ಲ.

ಸಂಜೆಯ ಹೊತ್ತಿಗೆ ಫೋಲ್ಡರಿನಲ್ಲಿ ಇದ್ದದ್ದು: ಟೇಪಿನ ಮೂಲ ಪ್ರತಿ, ಮುಟ್ಟದ ಹಾಗೆ, ವೇಗ ಸರಿಪಡಿಸಿದ ಪ್ರತಿ, ಏಳರ ಕ್ಲಿಕ್ಕಿನ ಜೊತೆ ಕರಿ ಒಂದರಲ್ಲಿ ಬರೀ ಕೀಬೋರ್ಡಿನ ಸ್ವರಸಾಲು, ಹಳೆಯ ಹಾಳೆಯ ಫೋಟೋ, ಹೊಸ ಸಾಹಿತ್ಯ, ಗಣ ವಿಭಾಗದ ಗೆರೆ ಹಾಕಿ, ಒಡೆದ ಸ್ವರಕ್ಕೆ ಗುರುತು ಮಾಡಿ. ಜೊತೆಗೆ ಒಂದು ಹಾಳೆಯಲ್ಲಿ ಸಾಹಿತ್ಯಕ್ಕೆ ಇಷ್ಟು, ಸಂಗೀತಕ್ಕೆ ಇಷ್ಟು ಎಂಬ ಪಾಲು, ಇಬ್ಬರ ಸಹಿಗೆ ಜಾಗ ಬಿಟ್ಟು. ಐಪಿಆರ್‌ಎಸ್‌ನಲ್ಲಿ (ಬರೆದವರ, ರಾಗ ಹಾಕಿದವರ ರಾಯಧನ ಸಂಗ್ರಹಿಸುವ ಸಂಸ್ಥೆ) ಕೃತಿ ನೋಂದಾಯಿಸುವಾಗ ಕೇಳುವುದೂ ಅದನ್ನೇ. ಗಾಯಕಿ ಹಾಡುವುದಾದರೆ ಕರಿ ಒಂದು ಆಗುವುದಿಲ್ಲ, ಕರಿ ನಾಲ್ಕರ ಆಸುಪಾಸಿಗೆ ಸ್ವರಸಾಲನ್ನು ಇನ್ನೊಮ್ಮೆ ನುಡಿಸಬೇಕು. ಮೇಷ್ಟ್ರು ಯಾರ ಹೆಸರು ಹೇಳುತ್ತಾರೋ ನೋಡಿಕೊಂಡು ಅದನ್ನು ಮಾಡಿದರಾಯಿತು.